ಹೊಸೂರು–ಬೆಂಗಳೂರು ಓಡಾಟ: ಹೈಬ್ರಿಡ್ ಕಾರೋ, ಎಲೆಕ್ಟ್ರಿಕ್ ಕಾರೋ?

ಹೊಸೂರು: ಬೆಳಗಾದರೆ ಅತ್ತಿಬೆಲೆ ಗಡಿ ದಾಟಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸಕ್ಕೆ ಹೋಗುವವರು ಬಾಗಲೂರು, ತಳಿ, ಡೆಂಕಣಿಕೋಟೆ ಸುತ್ತಲಿನ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಪೆಟ್ರೋಲ್ ಖರ್ಚಿನಿಂದ ಬೇಸತ್ತು ಹೊಸ ಕಾರಿನ ಯೋಚನೆಯಲ್ಲಿರುವವರಿಗಾಗಿ ಈ ಮಾಹಿತಿ.

ಮೂರು ಬಗೆಯ ಕಾರು

ಎಲೆಕ್ಟ್ರಿಕ್ ಕಾರು ಬ್ಯಾಟರಿಯಿಂದಷ್ಟೇ ಓಡುತ್ತದೆ. ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಮನೆಯಲ್ಲೇ ಚಾರ್ಜ್ ಮಾಡಬಹುದಾದ ಬ್ಯಾಟರಿಯ ಜೊತೆಗೆ ಪೆಟ್ರೋಲ್ ಎಂಜಿನ್ನೂ ಇರುತ್ತದೆ. ಬ್ಯಾಟರಿ ಮುಗಿದರೆ ಎಂಜಿನ್ ಓಡಿಸುತ್ತದೆ. ಆದರೆ ನಮ್ಮ ದೇಶಕ್ಕೆ ಇವು ಇದುವರೆಗೆ ಹೆಚ್ಚಾಗಿ ದುಬಾರಿ ಐಷಾರಾಮಿ ಕಾರುಗಳಾಗಿಯೇ ಬಂದಿವೆ. ಶೋರೂಮಿನಲ್ಲಿ ಸಾಮಾನ್ಯವಾಗಿ ಸಿಗುವುದು 'ಸ್ಟ್ರಾಂಗ್ ಹೈಬ್ರಿಡ್'. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಈ ಜಾತಿಯದು. ಇದಕ್ಕೆ ಪ್ಲಗ್ ಇಲ್ಲ, ಪೆಟ್ರೋಲ್ ಹಾಕಿಸಲೇಬೇಕು. ಹೈಬ್ರಿಡ್ ಎಂದ ಮಾತ್ರಕ್ಕೆ ಮನೆಯ ಕರೆಂಟಿನಲ್ಲಿ ಓಡುತ್ತದೆ ಎಂದುಕೊಂಡು ಮುಂಗಡ ಕೊಡಬೇಡಿ.

ಖರ್ಚಿನ ಲೆಕ್ಕ

ಹೋಗಿ ಬರಲು ದಿನಕ್ಕೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಲೀಟರಿಗೆ 20 ಕಿ.ಮೀ. ಕೊಡುವ ಹೈಬ್ರಿಡ್‌ಗೆ 3 ಲೀಟರ್ ಬೇಕು. ಲೀಟರಿಗೆ 100 ರೂ. ಹಿಡಿದರೆ ದಿನಕ್ಕೆ 300 ರೂ. ಸಣ್ಣ ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 10 ಯುನಿಟ್ ಸಾಕು. ಯುನಿಟ್‌ಗೆ 10 ರೂ. ಹಿಡಿದರೂ 100 ರೂ. ಮಾತ್ರ. ತಿಂಗಳಿಗೆ 25 ದಿನ ಓಡಿಸಿದರೆ 5,000 ರೂ. ಉಳಿತಾಯ. ದಿನವೂ ಹೆದ್ದಾರಿಯ ಫಾಸ್ಟ್ ಚಾರ್ಜರ್ ನಂಬಿಕೊಂಡರೆ ಈ ಲಾಭದಲ್ಲಿ ದೊಡ್ಡ ಪಾಲು ಹೋಗುತ್ತದೆ.

ತೆರಿಗೆಯಲ್ಲೂ ವ್ಯತ್ಯಾಸವಿದೆ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಶೇ. 5 ಹಾಗೆಯೇ ಉಳಿಯಿತು. 4 ಮೀಟರ್‌ಗಿಂತ ಉದ್ದದ ಹೈಬ್ರಿಡ್‌ಗೆ ಶೇ. 40 ನಿಗದಿಯಾಯಿತು.

ಮನೆಯಲ್ಲಿ ಪ್ಲಗ್ ಇದೆಯೇ?

ಈ ವಿಷಯದಲ್ಲಿ ಅಪಾರ್ಟ್‌ಮೆಂಟಿನವರಿಗಿಂತ ಹಳ್ಳಿಯವರಿಗೇ ಅನುಕೂಲ ಹೆಚ್ಚು. ಮನೆ ಮುಂದೆ ಜಾಗವಿದ್ದು 15 ಆಂಪಿಯರ್ ಸಾಕೆಟ್ ಇದ್ದರೆ ರಾತ್ರಿ ನಾಲ್ಕೈದು ಗಂಟೆಯಲ್ಲಿ ದಿನದ ಓಡಾಟಕ್ಕೆ ಬೇಕಾದ ಚಾರ್ಜ್ ಆಗುತ್ತದೆ. ಆದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್, ವೈರಿಂಗ್, ರಾತ್ರಿಯ ವೋಲ್ಟೇಜ್ ನೋಡಿಸಿ.

ಇನ್ನೆರಡು ಎಚ್ಚರಿಕೆ. ತಮಿಳುನಾಡಿನಲ್ಲಿ ಬಿಲ್ 2 ತಿಂಗಳಿಗೊಮ್ಮೆ ಬರುತ್ತದೆ, ಬಳಕೆ ಹೆಚ್ಚಿದಂತೆ ದರವೂ ಏರುತ್ತದೆ. ಕಾರಿನ 500 ಯುನಿಟ್ ಮನೆ ಬಳಕೆಗೆ ಸೇರಿದರೆ ಮೇಲಿನ ದರ ಬೀಳುತ್ತದೆ. ಹಳೆಯ ಬಿಲ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ. ಇನ್ನೊಂದು, ತೋಟದ ಪಂಪ್‌ಸೆಟ್‌ನ ಉಚಿತ ಕರೆಂಟಿನಲ್ಲಿ ಕಾರು ಚಾರ್ಜ್ ಮಾಡಬೇಡಿ. ಅದು ಬೇಸಾಯಕ್ಕೆ ಮಾತ್ರ ಕೊಟ್ಟ ಸಂಪರ್ಕ. ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾದೀತು.

ರಸ್ತೆಯ ಗುಣ

ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ನಿಂತಾಗ ಎಲೆಕ್ಟ್ರಿಕ್ ಕಾರಿಗೆ ಎಸಿಯ ಖರ್ಚಷ್ಟೇ. ಕೃಷ್ಣಗಿರಿಯಿಂದ ಹೊಸೂರಿಗೆ ಬರುವವರಿಗೆ ಮಾತ್ರ ಏರು ದಾರಿ, ಚಾರ್ಜ್ ಸ್ವಲ್ಪ ಹೆಚ್ಚು ಬೇಕು. ವಾಪಸ್ ಇಳಿಯುವಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ.

ಯಾರಿಗೆ ಯಾವುದು?

ಮನೆಯಲ್ಲಿ ಪ್ಲಗ್ ಇದ್ದು, ದಿನವೂ 50–80 ಕಿ.ಮೀ. ಒಂದೇ ದಾರಿಯಲ್ಲಿ ಓಡುವವರಿಗೆ ಎಲೆಕ್ಟ್ರಿಕ್ ಕಾರೇ ಲೇಸು. ಬಾಡಿಗೆ ಮನೆಯಲ್ಲಿದ್ದು ಪ್ಲಗ್ ಇಲ್ಲದವರು, ಇರುವ ಒಂದೇ ಕಾರಿನಲ್ಲಿ ಆಗಾಗ ದೂರದ ಊರಿಗೆ ಹೊರಡುವವರು ಹೈಬ್ರಿಡ್ ನೋಡಬಹುದು. ದಿನಕ್ಕೆ 20 ಕಿ.ಮೀ. ಕೂಡ ಓಡದಿದ್ದರೆ ಎರಡಕ್ಕೂ ಹೆಚ್ಚು ಹಣ ಸುರಿಯಬೇಕಿಲ್ಲ. ಹಳೆಯ ಕಾರನ್ನೇ ಇಟ್ಟುಕೊಳ್ಳಿ, ಇಲ್ಲವೇ ನಮ್ಮ ಹೊಸೂರಿನಲ್ಲೇ ತಯಾರಾಗುವ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಿ.