ತಾನೇ ಕರೆ ಸ್ವೀಕರಿಸುವ ಮಳೆಮಾಪಕ

ಬೆಟ್ಟದ ನೆತ್ತಿಯಲ್ಲೋ ಜಲಾಶಯದ ಹಿನ್ನೀರಿನ ಅಂಚಿನಲ್ಲೋ ನೆಟ್ಟ ಮಳೆಮಾಪಕದ ಲೆಕ್ಕವನ್ನು ಹೊತ್ತುಹೊತ್ತಿಗೆ ದಾಖಲಿಸಿಟ್ಟುಕೊಳ್ಳುವ ಉಪಕರಣವೇ ಡೇಟಾ ಲಾಗರ್. ಅದರಲ್ಲಿ ಸಂಗ್ರಹವಾದ ಅಂಕಿಗಳಿಗಾಗಿ ಪ್ರತಿ ಸಲವೂ ಅಷ್ಟು ದೂರ ಹೋಗುವ ಶ್ರಮವನ್ನು ತಪ್ಪಿಸಿದ ಸಾಧನಗಳಲ್ಲಿ ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್ ಮುಖ್ಯವಾದುದು. ಮಾತಿಗೆಂದು ರೂಪುಗೊಂಡ ದೂರವಾಣಿ ಜಾಲವು ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ದನಿಗಳನ್ನಷ್ಟೇ ಸಾಗಿಸುವುದರಿಂದ, ಮೋಡೆಮ್ ಲಾಗರಿನ ಸೊನ್ನೆ-ಒಂದುಗಳನ್ನು ಆ ಮಿತಿಯೊಳಗಿನ ದನಿಯಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಕಚೇರಿಯ ಮೋಡೆಮ್ ಅದನ್ನು ಮತ್ತೆ ಅಂಕಿಗಳಾಗಿ ಬಿಡಿಸಿಕೊಳ್ಳುತ್ತದೆ.

ಕರೆ ಬಂದಾಗ ಅಲ್ಲಿ ಗುಂಡಿ ಒತ್ತುವವರು ಯಾರೂ ಇರುವುದಿಲ್ಲವಾದ್ದರಿಂದ, ಮೋಡೆಮ್ಮಿಗೆ ಎಲ್ಲವನ್ನೂ ಮೊದಲೇ ಕಲಿಸಿಡಬೇಕು. ಹೇಯ್ಸ್ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್‌ನಿಂದ ರೂಢಿಗೆ ಬಂದ ‘ಎಟಿ’ ಆದೇಶಗಳು ಇದಕ್ಕೆ ನೆರವಾಗುತ್ತವೆ. ಮೋಡೆಮ್ಮನ್ನು ಕಂಪ್ಯೂಟರಿಗೆ ಜೋಡಿಸಿ ‘ಎಟಿಎಸ್0=1’ ಎಂದು ಆದೇಶಿಸಿದರೆ, ಅದು ಮೊದಲ ಗಂಟೆಗೇ ಕರೆಯನ್ನು ಸ್ವೀಕರಿಸುತ್ತದೆ. ಬಂದ ಅಕ್ಷರಗಳನ್ನು ಹಿಂದಿರುಗಿಸುವ ಪ್ರತಿಧ್ವನಿಯನ್ನೂ ಗಂಟೆ ಬಂದಿತು, ಸಂಪರ್ಕವಾಯಿತು ಎಂದು ಸಾರುವ ಸಂದೇಶಗಳನ್ನೂ ನಿಲ್ಲಿಸುವುದು ಅಷ್ಟೇ ಅಗತ್ಯ; ಇಲ್ಲವಾದರೆ ಲಾಗರ್ ಆ ಸಂದೇಶವನ್ನೇ ಆಜ್ಞೆಯೆಂದು ತಿಳಿದು ಉತ್ತರಿಸಿ, ಮೋಡೆಮ್ ಆ ಉತ್ತರವನ್ನು ಹಿಂದಕ್ಕೆ ಕಳುಹಿಸಿ, ಎರಡೂ ಕೊನೆಯಿಲ್ಲದ ಸಂವಾದದಲ್ಲಿ ಸಿಕ್ಕಿಕೊಳ್ಳಬಹುದು. ಕೊನೆಯಲ್ಲಿ ಈ ಹೊಂದಿಕೆಗಳನ್ನು ಮೋಡೆಮ್ಮಿನ ಶಾಶ್ವತ ಸ್ಮೃತಿಯಲ್ಲಿ ಉಳಿಸದಿದ್ದರೆ, ಒಮ್ಮೆ ವಿದ್ಯುತ್ ಹೋಗಿ ಬಂದೊಡನೆ ಅವೆಲ್ಲ ಅಳಿಸಿಹೋಗುತ್ತವೆ.

ಕೇಬಲ್ಲಿನ ವಿಷಯದಲ್ಲೂ ಎಚ್ಚರ ಬೇಕು. ಲಾಗರ್ ಮತ್ತು ಮೋಡೆಮ್ ಎರಡನ್ನೂ ಕಂಪ್ಯೂಟರಿಗೆ ಜೋಡಿಸಲೆಂದೇ ರೂಪಿಸಿದ್ದರೆ, ಒಂದರ ಕಳುಹಿಸುವ ತಂತಿ ಇನ್ನೊಂದರ ಸ್ವೀಕರಿಸುವ ತಂತಿಗೆ ಸೇರುವಂತೆ ಅದಲುಬದಲು ಮಾಡಿದ ಕೇಬಲ್ ಬೇಕಾಗುತ್ತದೆ. ಎರಡರ ವೇಗವೂ ಒಂದೇ ಆಗಿರಬೇಕು. ದೂರವಾಣಿ ತಂತಿಯ ಮೇಲೂ ಸೆಕೆಂಡಿಗೆ 9,600 ಬಿಟ್‌ಗಳ ವೇಗ ದೊರೆತು, ಒಂದು ಅಕ್ಷರಕ್ಕೆ ಹತ್ತು ಬಿಟ್‌ನಂತೆ ಲೆಕ್ಕ ಹಾಕಿದರೆ 960 ಅಕ್ಷರಗಳು ಸಾಗುತ್ತವೆ. ಗಂಟೆಗೊಂದರಂತೆ ವರ್ಷಕ್ಕೆ 8,760 ದಾಖಲೆಗಳು, ಪ್ರತಿಯೊಂದೂ ಇಪ್ಪತ್ತು ಅಕ್ಷರಗಳದ್ದಾದರೂ, ಸುಮಾರು ಮೂರು ನಿಮಿಷಗಳ ಕರೆಯಲ್ಲಿ ಕಚೇರಿಗೆ ಬಂದು ಸೇರುತ್ತವೆ.

ಬಯಲಲ್ಲಿ ಹಾದುಬರುವ ತಂತಿ ಸಿಡಿಲಿನ ಹೊಡೆತವನ್ನೂ ಹೊತ್ತು ತರಬಹುದಾದ್ದರಿಂದ, ಸಿಡಿಲುರಕ್ಷಕವೂ ಒಳ್ಳೆಯ ಅರ್ಥಿಂಗೂ ಇರಲೇಬೇಕು. ಇಂದು ಇಂಥ ಅನೇಕ ಕಡೆಗಳಲ್ಲಿ ಮೊಬೈಲ್ ಜಾಲದ ಮೋಡೆಮ್ಮುಗಳು ತಂತಿಯ ಜಾಗವನ್ನು ಪಡೆದಿದ್ದರೂ, ಅವು ಈಗಲೂ ಎಟಿ ಆದೇಶಗಳನ್ನೇ ಪಾಲಿಸುತ್ತವೆ. ಕಚೇರಿಯ ಮೇಜಿನ ಮೇಲೆಯೇ ವಿದ್ಯುತ್ತನ್ನು ಒಮ್ಮೆ ಕಡಿದು, ಮತ್ತೆ ಕೊಟ್ಟು, ಬೇರೊಂದು ದೂರವಾಣಿಯಿಂದ ಕರೆ ಮಾಡಿ ಪರೀಕ್ಷಿಸಿದ ಉಪಕರಣವನ್ನು ಮಾತ್ರ ಬೆಟ್ಟಕ್ಕೆ ಒಯ್ಯುವುದು ವಿವೇಕ.