ತಣ್ಣೀರು ಮುಟ್ಟಿದರೆ ಒಂದೇ ಉಗುರಿನಡಿ ನೋವಾ? ಉಗುರುಸುತ್ತು ಅಂತ ಸುಮ್ಮನಿರಬೇಡಿ

ಮಧುಗಿರಿ: ಬೆಳಗ್ಗೆ ತಣ್ಣೀರಿಗೆ ಕೈ ಹಾಕಿದ ಕೂಡಲೇ ಒಂದೇ ಒಂದು ಬೆರಳಿನ ಉಗುರಿನ ಕೆಳಗೆ ಸೂಜಿ ಚುಚ್ಚಿದಂಗೆ ನೋವು. ಅಂಗಡಿ ಫ್ರಿಜ್‌ನಿಂದ ಮೊಸರು ಪ್ಯಾಕೆಟ್ ತೆಗೆದರೂ ಅದೇ, ಶಟರ್‌ಗೆ ಬೆರಳು ತಾಗಿದರೂ ಅದೇ. ನೋಡಿದ್ರೆ ಊತ ಇಲ್ಲ, ಕೀವೂ ಇಲ್ಲ. ನಮ್ಮ ಕಡೆ ಇದಕ್ಕೆ ಉಗುರುಸುತ್ತು ಅಂತ ಹೆಸರಿಟ್ಟು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಬಿಡ್ತಾರೆ. ಆದರೆ ಇದು ಗ್ಲೋಮಸ್ ಗಡ್ಡೆ ಇರಬಹುದು.

ಗಡ್ಡೆ ಅಂದ ತಕ್ಷಣ ಕ್ಯಾನ್ಸರ್ ಅಂತ ಹೆದರಬೇಕಿಲ್ಲ. ಇದು ಅಪರೂಪದ್ದು, ಬಹುತೇಕ ಅಪಾಯವಿಲ್ಲದ್ದು. ಬೆರಳ ತುದಿಯ ಚರ್ಮದಡಿ ರಕ್ತನಾಳದ ಪುಟ್ಟ ಗಂಟುಗಳಿರ್ತವೆ. ಚಳಿ, ಬಿಸಿಗೆ ತಕ್ಕಂತೆ ರಕ್ತ ಎಷ್ಟು ಹರೀಬೇಕು ಅಂತ ನೋಡಿಕೊಳ್ಳೋದು ಅವುಗಳ ಕೆಲಸ. ಅಂಥ ಒಂದು ಗಂಟಿನ ಜೀವಕೋಶ ಅತಿಯಾಗಿ ಬೆಳೆದರೆ ಈ ಗಡ್ಡೆ. ಗಾತ್ರ ಕೆಲವೇ ಮಿಲಿಮೀಟರ್. 30ರಿಂದ 50 ವಯಸ್ಸಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ಬೆರಳಲ್ಲಿ ಜಾಸ್ತಿ. ಫ್ರಾನ್ಸಿನ ವೈದ್ಯ ಪಿಯರ್ ಮಾಸೊನ್ 1924ರಲ್ಲೇ ಇದರ ಮೂಲ ವಿವರಿಸಿದ್ದರು. ಆದ್ರೂ ಇವತ್ತಿಗೂ ಎಷ್ಟೋ ಜನ ನರದ ನೋವು ಅಂತ ವರ್ಷಗಟ್ಟಲೆ ಮಾತ್ರೆ ನುಂಗ್ತಾರೆ. ಕಣ್ಣಿಗೆ ಕಾಣದ ನೋವನ್ನ ಮನೆಯವರೂ ನಂಬಲ್ಲ.

ಪತ್ತೆ ಮಾಡೋಕೆ ದೊಡ್ಡ ಮೆಷಿನ್‌ಗಿಂತ ಮೊದಲು ಗುಂಡುಪಿನ್ ಸಾಕು. ಪಿನ್ನಿನ ತಲೆಯಿಂದ ಉಗುರಿನ ಮೇಲೆ ಒತ್ತುತ್ತಾ ಹೋದರೆ ಒಂದೇ ಜಾಗದಲ್ಲಿ ಜೀವ ಹೋದಂಗೆ ಆಗುತ್ತೆ, ಪಕ್ಕದಲ್ಲೇ ಏನೂ ಇರಲ್ಲ. ಬಿಪಿ ನೋಡೋ ಪಟ್ಟಿ ಕಟ್ಟಿ ತೋಳಿನ ರಕ್ತ ತಡೆದರೆ ನೋವು ನಿಲ್ಲುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ಇದನ್ನ ಡಾಕ್ಟರೇ ಮಾಡಬೇಕು, ಮನೆಯಲ್ಲಿ ದಾರ ಬಿಗಿಯೋ ಸಾಹಸ ಬೇಡ. ಕೆಲವರ ಉಗುರಡಿ ನೀಲಿ ಅಥವಾ ಕೆಂಪು ಛಾಯೆ ಕಾಣುತ್ತೆ. ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಸ್ಕ್ಯಾನಿಂಗ್, ಎಂಆರ್‌ಐಯಲ್ಲಿ ಸಾಮಾನ್ಯವಾಗಿ ಸಿಗುತ್ತೆ.

ಮಾತ್ರೆಗೆ ಕರಗಲ್ಲ. ಬೆರಳು ಮರಗಟ್ಟಿಸಿ, ಉಗುರೆತ್ತಿ ಗಡ್ಡೆ ತೆಗೀತಾರೆ. ಪೂರ್ತಿ ತೆಗೆದರೆ ನೋವು ಹೋಗುತ್ತೆ, ಚೂರು ಉಳಿದರೆ ಮತ್ತೆ ಬೆಳೆಯುತ್ತೆ. ಉಗುರು ಸ್ವಲ್ಪ ಸೊಟ್ಟ ಬರಬಹುದು.

ಎಲ್ಲಾ ಬೆರಳೂ ಜುಮ್ಮೆಂದರೆ ಅದು ಬೇರೆ ವಿಷಯ, ಶುಗರ್ ಚೆಕ್ ಮಾಡಿಸಿ. ಉಗುರಡಿ ಕಪ್ಪು ಗೆರೆ ಅಗಲವಾಗ್ತಾ ಇದ್ದರೆ ಒಂದು ದಿನವೂ ತಡ ಮಾಡಬೇಡಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೇ ತೋರಿಸಿ, ಬೇಕಿದ್ದರೆ ತುಮಕೂರು ಜಿಲ್ಲಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಹೋದಾಗ ಬರೀ 'ಕೈ ನೋವು' ಅನ್ನಬೇಡಿ. ಯಾವ ಬೆರಳು, ಉಗುರಿನ ಯಾವ ಜಾಗ, ತಣ್ಣೀರಿಗೆ ಹೆಚ್ಚಾಗುತ್ತಾ, ಈ ಮೂರನ್ನೂ ಬಿಡಿಸಿ ಹೇಳಿ.