ರಾಕರ್ ಆರ್ಮ್ ಆಯ್ಕೆ: ಅನುಪಾತಕ್ಕಿಂತ ಅಳತೆ ಮುಖ್ಯ

ಹಳೆಯ ಅಮೆರಿಕನ್ ಕಾರಿನ ಎಂಜಿನ್ ಬಿಚ್ಚಿ ಅದರ ಶಕ್ತಿಯನ್ನು ಹೆಚ್ಚಿಸಲು ಹೊರಡುವವರು ಬಹುಪಾಲು ಹಣವನ್ನು ಕ್ಯಾಮ್‌ಶಾಫ್ಟ್, ಕಾರ್ಬ್ಯುರೇಟರ್ ಹಾಗೂ ಸಿಲಿಂಡರ್ ಹೆಡ್‌ಗಳಿಗೆ ವ್ಯಯಿಸುತ್ತಾರೆ. ರಾಕರ್ ಆರ್ಮ್ ಖರೀದಿ ಕೊನೆಯ ಸರದಿಗೆ ಬೀಳುತ್ತದೆ. ಉಳಿದ ಹಣಕ್ಕೆ ದೊರೆತದ್ದನ್ನು ತಂದು ಜೋಡಿಸಲಾಗುತ್ತದೆ. ಆದರೆ ಅಂಗೈಯಲ್ಲಿ ಅಡಗುವ ಈ ಭಾಗದ ಆಯ್ಕೆ ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಇಡೀ ಎಂಜಿನ್ ಹಾಳಾಗಬಹುದು.

ಇದಕ್ಕೆ ಉತ್ತಮ ಉದಾಹರಣೆ ಶೆವ್ರೊಲೆ ಸಂಸ್ಥೆಯ 'ಸ್ಮಾಲ್ ಬ್ಲಾಕ್' ವಿ8 ಎಂಜಿನ್. 1955ರಲ್ಲಿ 265 ಘನ ಅಂಗುಲ ಗಾತ್ರದಲ್ಲಿ ಆರಂಭವಾದ ಈ ಸರಣಿಯಲ್ಲಿ 1967ರ ಮಾದರಿಯಿಂದ 350 ಘನ ಅಂಗುಲದ, ಅಂದರೆ ಸುಮಾರು 5.7 ಲೀಟರಿನ ಎಂಜಿನ್ ಬಂದಿತು. ರಸ್ತೆ ಬಳಕೆಯ ಕಾರುಗಳಿಗೆ ಶಕ್ತಿ ತುಂಬುವವರ ಅಚ್ಚುಮೆಚ್ಚಿನ ಎಂಜಿನ್ ಇದೇ. ಇದರಲ್ಲಿರುವ ರಾಕರ್‌ಗಳು ಒಟ್ಟು 16.

ಏತದಂತೆ ಕೆಲಸ

ರಾಕರ್ ಕೆಲಸ ಮಾಡುವುದು ಬಾವಿಯ ಏತದ ರೀತಿಯಲ್ಲಿ. ಒಂದು ತುದಿಯನ್ನು ಪುಶ್‌ರಾಡ್ ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ತುದಿ ವಾಲ್ವನ್ನು ಕೆಳಕ್ಕೆ ಒತ್ತಿ ತೆರೆಯುತ್ತದೆ. ಆಧಾರಬಿಂದುವಿನಿಂದ ಎರಡೂ ತುದಿಗಳಿಗಿರುವ ದೂರದ ಹೋಲಿಕೆಯೇ ಅನುಪಾತ. ಸ್ಮಾಲ್ ಬ್ಲಾಕಿನ ಮೂಲ ಅನುಪಾತ 1.5. ಕ್ಯಾಮ್‌ನ ಉಬ್ಬು 0.300 ಅಂಗುಲ ಎತ್ತಿದರೆ ವಾಲ್ವ್ 0.450 ಅಂಗುಲ ತೆರೆಯುತ್ತದೆ. ಅದೇ ಕ್ಯಾಮ್‌ಗೆ 1.6 ಅನುಪಾತದ ರಾಕರ್ ಜೋಡಿಸಿದರೆ 0.480 ಅಂಗುಲ ದೊರೆಯುತ್ತದೆ. ಕ್ಯಾಮ್ ಬದಲಿಸದೆಯೇ ಎಂಜಿನ್ನಿಗೆ ಹೆಚ್ಚು ಗಾಳಿ ಸಿಗುತ್ತದೆ ಎಂಬುದೇ ಇದರ ಆಕರ್ಷಣೆ. 1996ರ ಕಾರ್ವೆಟ್‌ನ ಎಲ್‌ಟಿ4 ಎಂಜಿನ್ನಿಗೆ ಕಾರ್ಖಾನೆಯೇ 1.6ರ ರೋಲರ್ ರಾಕರ್ ಅಳವಡಿಸಿತ್ತು.

ಆದರೆ ಕಾರ್ಖಾನೆ ಅದಕ್ಕೆ ತಕ್ಕ ಇತರ ಭಾಗಗಳನ್ನೂ ಹೊಂದಿಸಿರುತ್ತದೆ. ಮನೆಯಲ್ಲಿ ಜೋಡಿಸುವವರು ಆ ಹೊಣೆಯನ್ನು ತಾವೇ ಹೊರಬೇಕು. ವಾಲ್ವ್ ಪೂರ್ಣ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು, ಸುಮಾರು 0.060 ಅಂಗುಲ ಬಿಡುವು ಉಳಿಯಬೇಕು. ಪಿಸ್ಟನ್ ಮತ್ತು ವಾಲ್ವ್ ನಡುವೆ ಇನ್‌ಟೇಕ್ ಬದಿಯಲ್ಲಿ 0.080, ಎಕ್ಸಾಸ್ಟ್ ಬದಿಯಲ್ಲಿ 0.100 ಅಂಗುಲ ಅಂತರವಿರಬೇಕೆಂಬುದು ರೂಢಿಯ ನಿಯಮ. ಇದಲ್ಲದೆ 1.6ರ ರಾಕರ್‌ನಲ್ಲಿ ಪುಶ್‌ರಾಡ್ ಕೂರುವ ಜಾಗ ಸ್ಟಡ್ಡಿಗೆ ಹತ್ತಿರ ಸರಿಯುವುದರಿಂದ, ಹೆಡ್‌ನ ರಂಧ್ರದ ಅಂಚಿಗೆ ಪುಶ್‌ರಾಡ್ ಉಜ್ಜುವ ಸಂಭವವಿದೆ.

ಯಾವ ಲೋಹ, ಯಾವ ಬಗೆ?

ಮೂಲ ರಾಕರ್ ತಗಡು ಉಕ್ಕನ್ನು ಅಚ್ಚೊತ್ತಿ ಮಾಡಿದ್ದು. ಅರ್ಧಗೋಳದ ಮೇಲೆ ತೂಗಾಡುತ್ತದೆ. ಸಾಧಾರಣ ಕ್ಯಾಮ್ ಹಾಗೂ ಮೃದು ಸ್ಪ್ರಿಂಗ್‌ಗಳಿಗೆ ಅದೇ ಸಾಕು. ಎತ್ತರ ಹೆಚ್ಚಾದರೆ ಅದರ ಸೀಳು ಸ್ಟಡ್ಡಿಗೆ ತಾಗುತ್ತದೆ. ಸ್ಪ್ರಿಂಗ್ ಬಿಗಿಯಾದಂತೆ ಗೋಳದ ಬಳಿ ಶಾಖ ಹೆಚ್ಚುತ್ತದೆ.

'ರೋಲರ್ ಟಿಪ್' ರಾಕರ್‌ನಲ್ಲಿ ತುದಿಗೆ ಮಾತ್ರ ಉರುಳೆ ಇರುತ್ತದೆ. ಘರ್ಷಣೆಯ ಹೆಚ್ಚಿನ ಪಾಲು ಆಧಾರಬಿಂದುವಿನಲ್ಲಿ ಹುಟ್ಟುವುದರಿಂದ ಇದರ ಲಾಭ ಸೀಮಿತ. ಪೂರ್ಣ ರೋಲರ್ ರಾಕರ್‌ನಲ್ಲಿ ಆಧಾರಬಿಂದುವಿನಲ್ಲಿಯೂ ಸೂಜಿ ಬೇರಿಂಗ್ ಇರುತ್ತದೆ. ಆದರೆ ಕಳಪೆ ದರ್ಜೆಯದು ಒಡೆದರೆ ಆ ಸೂಜಿಗಳೆಲ್ಲ ಆಯಿಲ್ ಜೊತೆ ಎಂಜಿನ್ನಿನೊಳಗೆ ಇಳಿಯುತ್ತವೆ. ಅಗ್ಗದ ಪೂರ್ಣ ರೋಲರ್‌ಗಿಂತ ಗುಣಮಟ್ಟದ ತಗಡು ರಾಕರ್ ಎಷ್ಟೋ ಮೇಲು.

ಅಲ್ಯೂಮಿನಿಯಂ ಹಗುರ, ನೋಡಲೂ ಚೆಂದ. ಆದರೆ ಕೋಟ್ಯಂತರ ಬಾರಿ ಬಾಗಿ ಏಳುವ ಕೆಲಸದಲ್ಲಿ ಅದು ಕ್ರಮೇಣ ದಣಿಯುತ್ತದೆ. ಬಿಡುವಿಲ್ಲದೆ ಸಾವಿರಾರು ಮೈಲಿ ಓಡಬೇಕಾದ ರಸ್ತೆಯ ಕಾರಿಗೆ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ರಾಕರ್ ಹೆಚ್ಚು ಭರವಸೆಯದು.

ಜೊತೆಗಾರ ಭಾಗಗಳು

ಹಳೆಯ ಹೆಡ್‌ಗಳಲ್ಲಿ 3/8 ಅಂಗುಲದ ಸ್ಟಡ್ಡನ್ನು ಕೇವಲ ಒತ್ತಿ ಕೂರಿಸಿರುತ್ತಾರೆ. ಬಲವಾದ ಸ್ಪ್ರಿಂಗ್ ಅದನ್ನು ಕಿತ್ತುಬಿಡಬಹುದು. ಆಗ ಮರೆ ತಿರುಗಿಸಿ ಕೂರಿಸುವ 7/16 ಅಂಗುಲದ ಸ್ಟಡ್ ಬೇಕಾಗುತ್ತದೆ. ಗೈಡ್ ಪ್ಲೇಟ್ ಬಳಸಿದರೆ ಗಟ್ಟಿಗೊಳಿಸಿದ ಪುಶ್‌ರಾಡ್ ಕಡ್ಡಾಯ. ತಾನಾಗಿ ವಾಲ್ವ್ ತುದಿಗೆ ನೇರವಾಗಿ ನಿಲ್ಲುವ 'ಸೆಲ್ಫ್ ಅಲೈನಿಂಗ್' ರಾಕರ್ ಜೊತೆಗೆ ಗೈಡ್ ಪ್ಲೇಟ್ ಹಾಕಕೂಡದು. ಎರಡೂ ಒಂದನ್ನೊಂದು ಎಳೆದಾಡುತ್ತವೆ. ರೋಲರ್ ರಾಕರ್ ಎತ್ತರವಾಗಿರುವುದರಿಂದ ವಾಲ್ವ್ ಕವರ್ ತಾಗದೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಪುಶ್‌ರಾಡ್ ಉದ್ದ ಸರಿಯಿದೆಯೇ ಎಂದು ತಿಳಿಯುವ ಉಪಾಯ ಸರಳ. ವಾಲ್ವಿನ ತುದಿಗೆ ಮಾರ್ಕರ್ ಮಸಿ ಬಳಿದು ಎಂಜಿನ್ನನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿದಾಗ, ಮಸಿ ಅಳಿಸಿದ ಗೆರೆ ಕಿರಿದಾಗಿ, ಮಧ್ಯಭಾಗದಲ್ಲಿ ಇರಬೇಕು. ಗೆರೆ ಅಂಚಿಗೆ ಸರಿದಿದ್ದರೆ ಅಥವಾ ಅಗಲವಾಗಿದ್ದರೆ ವಾಲ್ವ್ ಗೈಡ್ ಬೇಗ ಸವೆಯುತ್ತದೆ.

ದಿನನಿತ್ಯ ಓಡಿಸುವ ಕಾರಿಗೆ 1.5 ಅನುಪಾತದ ಉತ್ತಮ ಉಕ್ಕಿನ ರೋಲರ್ ರಾಕರ್ ಸುರಕ್ಷಿತ ಆಯ್ಕೆ. ಮೇಲಿನ ಅಂತರಗಳನ್ನೆಲ್ಲ ಅಳೆದು ನೋಡಿದ ಬಳಿಕವಷ್ಟೇ 1.6ರ ಮಾತು. ಒಂದು ಸಂಜೆಯ ಅಳತೆಯ ಕೆಲಸ ತಪ್ಪಿಸಿದವರು ತೆರುವ ಬೆಲೆ ಇಡೀ ಎಂಜಿನ್.